ಸೋಮವಾರ ತೆರೆದಿದ್ದ ಲೈಬ್ರರಿ

ಸಾರ್ವಜನಿಕ ಗ್ರಂಥಾಲಯಗಳು ಈಗ ಯಾರಿಗೆ ಬೇಕು ಎಂಬ ಪ್ರಶ್ನೆ ಇಟ್ಟುಕೊಂಡು ಒಂದು ಸಾಕ್ಷ್ಯಚಿತ್ರ ಮಾಡಲು ಹೊರಟಾಗ ನಾವು ಮೂವರಿದ್ದೆವು. ನಿರ್ದೇಶಕಿ, ಕ್ಯಾಮೆರಾದವರು, ಧ್ವನಿ ಮುದ್ರಿಸುವ ನಾನು. ಹೈಸ್ಕೂಲಿನಿಂದ ದಿನಚರಿ ಬರೆಯುವ ಅಭ್ಯಾಸ ಇದ್ದದ್ದರಿಂದ ಯಾವ ದಿನ ಎಲ್ಲಿ ಏನು ಚಿತ್ರೀಕರಿಸಿದೆವು ಎಂದು ಗುರುತು ಹಾಕಿಕೊಳ್ಳುವ ಕೆಲಸವೂ ನನಗೇ ಬಂತು. ಅದರ ಜೊತೆಗೆ, ಯಾರೂ ಕೇಳದಿದ್ದರೂ, ಒಳಗೆ ಬಂದವರಲ್ಲಿ ಎಷ್ಟು ಜನ ಕಪಾಟಿನಿಂದ ಪುಸ್ತಕ ತೆಗೆದರು ಎಂದು ಎಣಿಸತೊಡಗಿದೆ.

ಮೊದಲು ಹೋದದ್ದು ಶ್ರೀರಂಗಪಟ್ಟಣಕ್ಕೆ. ಬೆಳಗಿನ ಹೊತ್ತು ಬಂದವರು ಇಪ್ಪತ್ತಮೂರು ಜನ. ಹೆಚ್ಚಿನವರು ಪೇಪರ್ ಓದಿ ಎದ್ದರು. ಒಂಬತ್ತು ಮಂದಿ ತಮ್ಮ ಬ್ಯಾಗಿನಿಂದ ತಮ್ಮದೇ ಗೈಡು ತೆಗೆದು ಮಧ್ಯಾಹ್ನದವರೆಗೆ ಅಲುಗಾಡದೆ ಕೂತರು. ಕಪಾಟು ತೆರೆದವರು ಇಬ್ಬರು. ಪಾಂಡವಪುರದಲ್ಲೂ ಹೆಚ್ಚುಕಮ್ಮಿ ಹಾಗೆಯೇ. ಅಲ್ಲಿ ಕಬ್ಬಿನ ಟ್ರಾಕ್ಟರುಗಳ ಸದ್ದಿನಲ್ಲಿ ಒಂದು ಸಂದರ್ಶನವೂ ಸರಿಯಾಗಿ ಮುದ್ರಣವಾಗಲಿಲ್ಲ.

"ಇವರಿಗೆ ಬೇಕಾಗಿರುವುದು ಪುಸ್ತಕ ಅಲ್ಲ, ಕುರ್ಚಿ ಮತ್ತು ಫ್ಯಾನು" ಎಂದರು ನಿರ್ದೇಶಕಿ. ಅವರಿಗೆ ಸ್ವಲ್ಪ ಬೇಸರವಾಗಿತ್ತು. ಪುಸ್ತಕ ತುಂಬಿದ ಗೋಡೆ, ಅದರ ಮುಂದೆ ನಿಂತು ಮಾತಾಡುವ ಗ್ರಂಥಪಾಲಕ, ಹಿಂದೆ ನಿಶ್ಶಬ್ದ. ಹೀಗೊಂದು ದೃಶ್ಯವನ್ನು ಅವರು ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು.

ಅದು ಸಿಗುವಂತೆ ಕಂಡದ್ದು ಕೆ.ಆರ್. ಪೇಟೆಯಿಂದ ಹೇಮಗಿರಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಪಂಚಾಯ್ತಿ ಕಟ್ಟಡದ ಪಕ್ಕ ಒಂದೇ ಕೋಣೆ. ಬೋರ್ಡಿನ ಮೇಲೆ ಅರಿವು ಕೇಂದ್ರ ಎಂದು ಬರೆದಿದೆ, ಊರಿನವರಿಗೆ ಮಾತ್ರ ಅದು ಲೈಬ್ರರಿ. ಅಲ್ಲಿನ ಮೇಲ್ವಿಚಾರಕರು ಐವತ್ತು ದಾಟಿದವರು, ನಾವು ಫೋನ್ ಮಾಡಿದ ದಿನದಿಂದಲೇ ಉತ್ಸಾಹದಲ್ಲಿದ್ದರು. ಸೋಮವಾರ ರಜೆ, ಓದುವವರು ಇರುವುದಿಲ್ಲ, ಆವತ್ತು ಬನ್ನಿ, ನಿಮಗಾಗಿ ಬಾಗಿಲು ತೆಗೆಯುತ್ತೇನೆ ಎಂದರು. ನಮಗೂ ಅದೇ ಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಒಳಗೆ ಹೋದಾಗ ನಿರ್ದೇಶಕಿಯ ಮುಖ ಅರಳಿತು. ಮೇಲ್ವಿಚಾರಕರು ಭಾನುವಾರ ಬಾಗಿಲು ಹಾಕಿದ ಮೇಲೆ ರಾತ್ರಿಯವರೆಗೆ ಕೂತು ಪುಸ್ತಕಗಳನ್ನೆಲ್ಲ ಇಳಿಸಿ, ಒರೆಸಿ, ಎತ್ತರ ನೋಡಿ, ಬಣ್ಣ ನೋಡಿ ಜೋಡಿಸಿದ್ದರು. ಕೆಂಪಿನ ಪಕ್ಕ ಕೆಂಪು, ನೀಲಿಯ ಪಕ್ಕ ನೀಲಿ. ವಿಷಯದ ಪ್ರಕಾರ ಇದ್ದದ್ದು ಹೋಗಿತ್ತು, ಆದರೆ ಕ್ಯಾಮೆರಾಕ್ಕೆ ವಿಷಯ ಕಾಣುವುದಿಲ್ಲ. ನಾನು ಫ್ಯಾನ್ ಆಫ್ ಮಾಡಿಸಿ, ಅವರ ಇಸ್ತ್ರಿ ಮಾಡಿದ ಅಂಗಿಗೆ ಮೈಕು ಸಿಕ್ಕಿಸಿದೆ.

ಸಂದರ್ಶನ ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಮೂವತ್ತು ದಾಟಿದ ವಯಸ್ಸು, ಹೆಗಲಿಗೆ ಬಟ್ಟೆ ಚೀಲ.

"ಇವತ್ತು ರಜಾ ಕಣವ್ವ. ಸಿನಿಮಾದೋರು ಬಂದವ್ರೆ" ಎಂದರು ಮೇಲ್ವಿಚಾರಕರು.

"ನಾನು ಸಿನಿಮಾ ನೋಡಕ್ ಬಂದಿಲ್ಲ ಕಣಣ್ಣ. ಬಾಗ್ಲು ತೆಗ್ದಿರದ ಕಂಡೆ, ಬಂದೆ. ಭಾನ್ವಾರ ಎಕ್ಸಾಮು."

ಅವರು ನಮ್ಮ ವೈರುಗಳನ್ನು ದಾಟಿಕೊಂಡು ನೇರ ಕಪಾಟಿಗೆ ಹೋದರು. ಒಂದು ಸಾಲಿನ ಹಿಂದೆ ಕೈ ಹಾಕಿದರು, ಇನ್ನೊಂದರ ಹಿಂದೆ ಹಾಕಿದರು. ಏನು ಬೇಕು ಎಂದು ನಿರ್ದೇಶಕಿ ಕೇಳಿದ್ದಕ್ಕೆ "ಏನಿಲ್ಲ, ಸುಮ್ಕೆ" ಎಂದು ಮತ್ತೆ ಹುಡುಕತೊಡಗಿದರು. ಆಕೆಯ ಮನೆಯವರು ಬಡಗಿ ಕೆಲಸದವರು, ಅಂಗಳದಲ್ಲೇ ಮರ ಕೊಯ್ಯುವ ಮೆಷಿನ್ನು, ಮನೆಯಲ್ಲಿ ಓದಲು ಆಗುವುದಿಲ್ಲ ಎಂದು ಮೇಲ್ವಿಚಾರಕರು ನಮಗೆ ಮೆಲ್ಲಗೆ ಹೇಳಿದರು. ಆಕೆ ಬರೆಯುತ್ತಿದ್ದದ್ದು ವಿ.ಎ., ಅಂದರೆ ಗ್ರಾಮ ಲೆಕ್ಕಿಗರ ಪರೀಕ್ಷೆ, ಊರಿನ ಹಿರಿಯರು ಈಗಲೂ ಶಾನುಭೋಗಿಕೆ ಎನ್ನುವ ಕೆಲಸಕ್ಕೆ. ವಯಸ್ಸಿನ ಮಿತಿ ಮುಟ್ಟಿರುವುದರಿಂದ ಅವರಿಗೆ ಇದೇ ಕೊನೆಯ ಸಲ.

ಅಷ್ಟರಲ್ಲಿ ಹೊರಗೆ ಒಂದು ಬೈಕು ನಿಂತಿತು.

"ಲೇ, ಸೋಮ್ವಾರ ತೆಗ್ದವ್ರೆ ಕಣ್ಲಾ! ಅಣ್ಣಂಗೆ ಏನೋ ಆಗದೆ."

ಇಬ್ಬರು ಯುವಕರು ಒಳಗೆ ಬಂದರು. ಅವರದ್ದೂ ಅದೇ ಪರೀಕ್ಷೆ. ಕ್ಯಾಮೆರಾ ಕಂಡು ಒಬ್ಬ, "ಹೀರೋಯಿನ್ನು ಎಲ್ಲಣ್ಣ?" ಎಂದ.

"ನಾನೇ ಕಣ್ಲಾ ಹೀರೋಯಿನ್ನು. ಸುಮ್ಕೆ ಆಚೆ ನಿಂತ್ಕೊ" ಎಂದರು ಮೇಲ್ವಿಚಾರಕರು.

"ಅದಕ್ಕೇ ಪೌಡ್ರು ಬಳ್ಕಂಡಿದ್ದೀಯ. ಆ ಹಳೇ ಕ್ವಶ್ಚನ್ ಪೇಪರ್ ಬುಕ್ಕು ಕೊಟ್ಬುಡು, ಹೋಗ್ತೀವಿ. ಎಂಟು ದಿನದಿಂದ ಹುಡುಕ್ತಾ ಇದ್ದೀವಿ, ಯಾರೋ ನುಂಗ್ಬುಟ್ಟವ್ರೆ."

ಹೆಂಗಸಿನ ಕೈ ಕಪಾಟಿನಲ್ಲೇ ನಿಂತಿತು.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಉತ್ತರದ ಸಮೇತ ಸೇರಿಸಿದ ದಪ್ಪ ಪುಸ್ತಕ ಅದು. ಇರುವುದು ಒಂದೇ ಪ್ರತಿ, ಮನೆಗೆ ಕೊಡುವುದಿಲ್ಲ. ಆದ್ದರಿಂದ ಇಂಥದ್ದನ್ನು ಓದುವವರು ಏಳುವಾಗ, ಮರುದಿನ ತಮಗೇ ಸಿಗಲೆಂದು ಬೇರೆ ಪುಸ್ತಕಗಳ ಹಿಂದೆ ತುರುಕಿ ಹೋಗುತ್ತಾರೆ. ಶ್ರೀರಂಗಪಟ್ಟಣದಲ್ಲೂ ಪಾಂಡವಪುರದಲ್ಲೂ ಇದನ್ನು ನೋಡಿದ್ದೆವು. ಆ ಹೆಂಗಸಿಗೆ ಈಗ ಎರಡೇ ದಾರಿ. ಸುಮ್ಮನಿದ್ದರೆ ಪುಸ್ತಕ ಸಿಗುವುದಿಲ್ಲ. ಬಾಯಿ ಬಿಟ್ಟರೆ, ಎಂಟು ದಿನ ಬಚ್ಚಿಟ್ಟವರು ತಾವೇ ಎಂದು ಆ ಇಬ್ಬರ ಮುಂದೆ ಒಪ್ಪಿಕೊಂಡಂತೆ.

"ಅಣ್ಣ, ವಿಶ್ವಕೋಶದ ಹಿಂದೆ ಇತ್ತಲ್ಲ, ರಟ್ಟು ಕಿತ್ತೋಗಿತ್ತು, ಅದ್ನ ಎಲ್ಲಿಕ್ದೆ?" ಎಂದು ಕೇಳಿಯೇಬಿಟ್ಟರು.

"ಹರ್ದೋಗಿದ್ದೋವ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಸಾಗ್ಸ್‌ಬುಟ್ಟೆ ಕಣವ್ವ. ಶೂಟಿಂಗಲ್ಲಿ ಚೆನ್ನಾಗಿ ಕಾಣಲ್ಲ ಅಂತ."

"ಅಕ್ಕಾ, ನೀನೇನಾ ನುಂಗಿದ್ದು!" ಎಂದ ಒಬ್ಬ.

"ಊ ಕಣಪ್ಪ, ನಾನೇ. ನೀವು ಬೈಕಲ್ಲಿ ಪೇಟೆಗೋಗಿ ಓದ್ಕಂಬತ್ತೀರ. ನಾನು ಎಲ್ಲಿಗೋಗ್ಲಿ?"

ಹೊಸದು ಕೊಳ್ಳಬಹುದಲ್ಲ ಎಂದು ನಿರ್ದೇಶಕಿ ಕೇಳಿದರು. ಹೊಸದರಲ್ಲಿ ಆ ಹಳೆಯ ಪತ್ರಿಕೆಗಳಿಲ್ಲ ಎಂದರು ಆಕೆ. ಅದಕ್ಕಿಂತ ಮುಖ್ಯವಾಗಿ, ತಾವು ತಪ್ಪು ಮಾಡಿದ ಪ್ರತಿ ಪ್ರಶ್ನೆಯ ಪಕ್ಕ ಪೆನ್ಸಿಲಿನಿಂದ ಚುಕ್ಕೆ ಇಟ್ಟಿದ್ದರಂತೆ. ಈ ವಾರ ಓದಬೇಕಾದದ್ದು ಆ ಚುಕ್ಕೆಗಳನ್ನೇ.

ಯುವಕರಿಬ್ಬರೂ ಮುಖ ಮುಖ ನೋಡಿಕೊಂಡರು.

"ಆ ಚುಕ್ಕೆ ನಿಂದಾ? ಯಾರೋ ಮೇಷ್ಟ್ರು ಇಂಪಾರ್ಟೆಂಟು ಅಂತ ಗುರ್ತಾಕವ್ರೆ ಅನ್ಕಂಡು ನಾವು ಅವ್ನೇ ಉರು ಹೊಡ್ದಿದ್ದೀವಲ್ಲಕ್ಕ!"

ಮೇಲ್ವಿಚಾರಕರು ನಗು ತಡೆಯಲಾರದೆ ಮೈಕಿನೊಳಗೇ ಕೆಮ್ಮಿದರು. ಕಿವಿಯಲ್ಲಿ ಹೆಡ್‌ಫೋನ್ ಇದ್ದ ನನಗೆ ಅದು ಗುಡುಗಿನಂತೆ ಕೇಳಿತು. ಆಮೇಲೆ ಅವರು ಮೈಕು ಬಿಚ್ಚಿ ನನ್ನ ಕೈಗಿಟ್ಟು, "ಒಂದ್ಗಳಿಗೆ ತಾಳಿ ಮೇಡಂ" ಎಂದು ಯುವಕರ ಬೈಕು ತೆಗೆದುಕೊಂಡು ಹೋದರು. ಕಿಟಕಿಯ ಬೆಳಕು ಆಗಲೇ ಗೋಡೆಯಿಂದ ಸರಿಯುತ್ತಿತ್ತು. ಅದೇ ಬೆಳಕಿನಲ್ಲಿ ಉಳಿದರ್ಧ ಮುಗಿಸದಿದ್ದರೆ ಎರಡು ತುಂಡುಗಳೂ ಕೂಡುವುದಿಲ್ಲ ಎಂದು ಕ್ಯಾಮೆರಾದವರು ಎರಡು ಸಲ ಹೇಳಿದರು. ನಿರ್ದೇಶಕಿ ನನ್ನ ಕಡೆ ತಿರುಗಿ ಫ್ಯಾನ್ ಹಾಕಲು ಹೇಳಿದರು. ಎಲ್ಲರಿಗೂ ಬೆವರು ಬರುತ್ತಿತ್ತು.

ಚೀಲ ಬಂತು. ನೆಲಕ್ಕೆ ಸುರಿದಾಗ ಆ ಪುಸ್ತಕ ಸಿಕ್ಕಿತು, ಆದರೆ ಹೊಲಿಗೆ ಪೂರ್ತಿ ಬಿಟ್ಟುಹೋಗಿ ಕಟ್ಟುಕಟ್ಟಾಗಿತ್ತು. ಆಕೆ ನೆಲದ ಮೇಲೇ ಕೂತು ಹಾಳೆಗಳನ್ನು ಕ್ರಮಕ್ಕೆ ತಂದರು. ಇಬ್ಬರು ಯುವಕರು ಎದುರಿಗೆ ಕೂತು ನೋಡುತ್ತಿದ್ದರು.

"ಮೂರು ಭಾಗ ಮಾಡ್ಕಳಮ. ದಿನಾ ಬದ್ಲಾಯಿಸ್ಕಂಡ್ರಾಯ್ತು" ಎಂದರು ಆಕೆಯೇ.

"ಗೌರ್ಮೆಂಟ್ ಬುಕ್ಕು ಕಣವ್ವ ಅದು, ಮನೆಗೆ ಕೊಡಂಗಿಲ್ಲ" ಎಂದರು ಮೇಲ್ವಿಚಾರಕರು.

"ಬುಕ್ಕು ಎಲ್ಲದಣ್ಣ? ಹಾಳೆ ತಾನೆ. ನೀನೇ ಚೀಲಕ್ಕೆ ಹಾಕಿದ್ದೆ."

ಮೇಲ್ವಿಚಾರಕರು ಮೇಜಿನ ಡ್ರಾಯರಿನಿಂದ ದಾರ ತೆಗೆದು ಕೊಟ್ಟರು. ಸಾಮಾನ್ಯ ಜ್ಞಾನ ಒಬ್ಬನಿಗೆ, ಕನ್ನಡ ಇನ್ನೊಬ್ಬನಿಗೆ, ಗಣಿತ ಆಕೆಗೆ. ಯುವಕರು ತಮ್ಮ ಪಾಲು ಹಿಡಿದು ಪಂಚಾಯ್ತಿ ಜಗಲಿಗೆ ಹೋದರು. ಆಕೆ ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತರು. ನಾವು ಮುಂದೆ ಏನಾದರೂ ಕೇಳುವ ಮೊದಲೇ ಓದು ಶುರುವಾಗಿತ್ತು.

ಕ್ಯಾಮೆರಾದವರು ಆ ಓದನ್ನು ಸ್ವಲ್ಪ ಚಿತ್ರೀಕರಿಸಿದರು, ಮುಖ ಬೇಡ ಎಂದು ಆಕೆ ಹೇಳಿದ್ದರಿಂದ ಹಿಂದಿನಿಂದ. ಫ್ಯಾನಿನ ಸದ್ದು ತುಂಬಿದೆ, ತೆಗೆಯಲು ಬರುವುದಿಲ್ಲ. ಸಂದರ್ಶನದ ಮೊದಲರ್ಧ ಮಾತ್ರ ನಮ್ಮ ಹತ್ತಿರ ಉಳಿಯಿತು.

ಗುರುವಾರ ನಾವು ನಾಗಮಂಗಲದಲ್ಲಿದ್ದೆವು. ಅಲ್ಲಿಯ ವಾಚನಾಲಯದಲ್ಲಿ ಮೈಕು ಜೋಡಿಸುತ್ತಿದ್ದಾಗ, ಬಿಟ್ಟುಬಂದಿದ್ದ ಒಂದು ವೈರಿನ ವಿಷಯಕ್ಕೆ ಆ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ವೈರು ಜೋಪಾನವಾಗಿತ್ತು. ಪುಸ್ತಕ ಹೇಗೆ ನಡೆಯುತ್ತಿದೆ ಎಂದು ಕೇಳಿದೆ.

"ಏನ್ ನಡ್ಯದು, ದಿನಾ ಪಂಚಾಯ್ತಿ. ಹುಡುಗ್ರು ಬಂದು ನನ್ನ ತಲೆ ತಿಂತಾವ್ರೆ. ಸೋಮ್ವಾರದಿಂದ ಆಯಮ್ಮ ಗಣಿತ ಬುಡ್ತಾನೇ ಇಲ್ವಂತೆ."