ಸಾಲಿನ ಒಂಬತ್ತನೆಯ ಚಿಪ್

ಆ ಆದೇಶ ಹೊರಡುವಂತೆ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುತ್ತ ಹೋದಂತೆ ನೀವು ಮ್ಯಾನೇಜರನ್ನು ಬೈಯಲು ಶುರು ಮಾಡುತ್ತೀರಿ. ಅವರು ಪಾಪ ಸಹಿ ಹಾಕಿದ್ದಷ್ಟೆ.

ಎಂಬತ್ತರ ದಶಕ ಅರ್ಧ ದಾಟಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಷೀಲ್ಡುಗಳನ್ನು ಆಲಸನತ್ತಂನ ಮನೆಯ ಷೋಕೇಸಿಗೆ ಸೇರಿಸಿ, ನಾನು ಹೊಸೂರಿನ ಒಂದು ಯಂತ್ರಭಾಗಗಳ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಟ್ರೈನಿಯಾಗಿದ್ದೆ. ಅಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಸಂಜೆ ಐದಕ್ಕೆ ಗೇಟಿನ ಪಕ್ಕದ ಹಲಗೆಗೆ ಮುಂದಿನ ತಿಂಗಳ ಷಿಫ್ಟ್ ಪಟ್ಟಿ ಅಂಟಿಸುತ್ತಿದ್ದರು. ಮುನ್ನೂರು ಚಿಲ್ಲರೆ ಕೆಲಸಗಾರರು. ಯಾರಿಗೆ ಬೆಳಗಿನ ಪಾಳಿ, ಯಾರಿಗೆ ಮಧ್ಯಾಹ್ನದ್ದು ಎಂಬುದನ್ನು ಟೈಮ್ ಕೀಪರ್ ಒಬ್ಬರೇ ತೀರ್ಮಾನಿಸುತ್ತಿದ್ದರು. ಹೊಸೂರಿನ ಹಳೇ ಮನೆತನದ ಹಿರಿಯರು ಅವರು. ತಮಿಳಿನವರ ಜೊತೆ ತಮಿಳು, ತೆಲುಗಿನವರ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಯಾವ ಆಧಾರದ ಮೇಲೆ ಹಂಚುತ್ತೀರಿ ಎಂದು ಕೇಳಿದರೆ ಬೆರಳಿನಿಂದ ಹಣೆ ತಟ್ಟಿ ತೋರಿಸುತ್ತಿದ್ದರು.

ನನ್ನಂಥವಳಿಗೆ ಇದು ತಡೆಯುವ ಸಂಗತಿಯೇ? ತಿಂಗಳ ಸಭೆಯಲ್ಲಿ ಎದ್ದು ನಿಂತೆ. ಒಬ್ಬರ ತಲೆಯೊಳಗಿನ ಪಟ್ಟಿಯನ್ನು ಯಾರೂ ಪ್ರಶ್ನಿಸಲಾರರು, ಪ್ರಶ್ನಿಸಲಾಗದ್ದು ನ್ಯಾಯವೋ ಅನ್ಯಾಯವೋ ತಿಳಿಯುವುದು ಹೇಗೆ ಎಂದು ವಾದಿಸಿದೆ. ಕಂಪ್ಯೂಟರ್ ಹಂಚಲಿ ಎಂದೆ. ಅದು ಹಂಚಿದ್ದನ್ನು ಯಾರೂ ಕೈಯಲ್ಲಿ ತಿದ್ದಬಾರದು, ಕೆಲಸಗಾರರು ತಮ್ಮತಮ್ಮಲ್ಲಿ ಪಾಳಿ ಬದಲಾಯಿಸಿಕೊಳ್ಳಲೂಬಾರದು ಎಂದೂ ಸೇರಿಸಿದೆ. ಎದುರಾಡುವವರು ಯಾರೂ ಇರಲಿಲ್ಲ. ಟೈಮ್ ಕೀಪರ್ ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೆ. ಆದೇಶ ಹೊರಟಿತು.

ನಮ್ಮಲ್ಲಿದ್ದ ಕಂಪ್ಯೂಟರಿಗೆ ಪೋರ್ಟಬಲ್ ಎಂದು ಹೆಸರು. ಎತ್ತಿಕೊಂಡು ಹೋಗಲು ಹಿಡಿಯೇನೋ ಇತ್ತು, ಎತ್ತುವುದಕ್ಕೆ ಮಾತ್ರ ಗಟ್ಟಿಮುಟ್ಟಾದ ತೋಳು ಬೇಕಿತ್ತು. ಹೊಲಿಗೆ ಯಂತ್ರದಷ್ಟು ಭಾರದ ಪೆಟ್ಟಿಗೆ, ಮುಚ್ಚಳ ಬಿಚ್ಚಿದರೆ ಅದೇ ಕೀಲಿಮಣೆ, ಒಳಗೆ ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ದೊಡ್ಡದಾದ ಹಸಿರು ಪರದೆ. ಒಂದೇ ಊರಿನವರನ್ನು ಒಂದೇ ಪಾಳಿಗೆ ಹಾಕು, ಪ್ರತಿ ಪಾಳಿಗೂ ಯಂತ್ರ ಹೊಂದಿಸಿಕೊಡುವ ಮೆಷಿನ್ ಸೆಟ್ಟರುಗಳು ಇಷ್ಟು ಮಂದಿ ಇರಲಿ ಎಂಬ ನಿಯಮಗಳನ್ನೆಲ್ಲ ನಾನೇ ಅದಕ್ಕೆ ಬರೆದುಕೊಟ್ಟಿದ್ದೆ. ಆದರೆ ಅದರ ಮೆಮೊರಿ ಬರೀ ನೂರಿಪ್ಪತ್ತೆಂಟು ಕೆ. ಒಂದು ಸಲಕ್ಕೆ ಅರ್ಧದಷ್ಟು ಹೆಸರು ಮಾತ್ರ ಹಿಡಿಸುತ್ತಿತ್ತು. ಟೋಕನ್ ನಂಬರಿನ ಪ್ರಕಾರ ಪಟ್ಟಿಯನ್ನು ಎರಡು ತುಂಡು ಮಾಡಿ ಬೇರೆಬೇರೆಯಾಗಿ ಹಂಚಿಸಿದೆ. ಮೊದಲ ತುಂಡನ್ನು ಹಂಚುವಾಗ ಎರಡನೆಯದರಲ್ಲಿ ಯಾರಿದ್ದಾರೆ ಎಂಬುದು ಯಂತ್ರಕ್ಕೆ ಗೊತ್ತೇ ಇರಲಿಲ್ಲ.

ಮೊದಲ ಪಟ್ಟಿ ಅಂಟಿಸಿ ಹತ್ತು ದಿನವಾಗಿತ್ತು. ತಗಡು ಒತ್ತುವ ಪ್ರೆಸ್ ಷಾಪಿನ ಒಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ಸಾನಮಾವು ಕಾಡಿನಂಚಿನ ಹಳ್ಳಿಯವರು, ನಲವತ್ತೈದರ ಆಸುಪಾಸು. ವರ್ಷಗಟ್ಟಲೆ ಪ್ರೆಸ್ಸುಗಳ ಸದ್ದಿನಲ್ಲಿ ನಿಂತು ಕಿವಿ ಹೋಗಿತ್ತು, ಹಾಗಾಗಿ ಮಾತು ಜೋರು.

"ಎಡಗಿವಿ ಪೂರ್ತಿ ಹೋಗ್ಬುಟ್ಟದೆ ಮೇಡಂ, ಬಲಗಿವಿ ಅರೆಬರೆ. ಬೆಳಗಿನ ಪಾಳಿಗೆ ಕತ್ಲಲ್ಲೇ ಕಾಡು ದಾಟ್ಬೇಕು. ಭಾಮೈದ ಜೊತೆಗಿದ್ರೆ ಕೊಂಬೆ ಮುರಿಯೋ ಸದ್ದು ಕೇಳಿ ಕೈ ಹಿಡ್ದು ನಿಲ್ಲುಸ್ತಿದ್ದ. ಈಗ ಅವ್ನಿಗೆ ಮಧ್ಯಾನ್ದ ಪಾಳಿ ಹಾಕವ್ರೆ. ಆನೆ ಮೈಮ್ಯಾಕೆ ಬರೋಗಂಟ ನಂಗೆ ಗೊತ್ತಾಗಾಕಿಲ್ಲ."

ಇಬ್ಬರ ಟೋಕನ್ ನಂಬರುಗಳು ನನ್ನ ಎರಡು ತುಂಡುಗಳಲ್ಲಿ ಹಂಚಿಹೋಗಿದ್ದವು. ಆ ಹಳ್ಳಿಯಿಂದ ನಮ್ಮಲ್ಲಿಗೆ ಬರುತ್ತಿದ್ದವರೂ ಅವರಿಬ್ಬರೇ. ಬರುವ ತಿಂಗಳೂ ಹೀಗೇ ಆದರೆ ಕೆಲಸ ಬಿಡುತ್ತೇನೆ ಎಂದರು. ಬೆದರಿಕೆಯಲ್ಲ ಅದು, ನನಗೆ ತಿಳಿಸಿ ಹೋದದ್ದು.

ಆದೇಶ ಸಡಿಲಿಸಿ ಎಂದು ಮ್ಯಾನೇಜರ ಹತ್ತಿರ ಹೋದರೆ, ಅವರು ಸಭೆಯಲ್ಲಿ ನಾನಾಡಿದ ಮಾತುಗಳನ್ನೇ ನನಗೆ ಒಪ್ಪಿಸಿದರು. ಒಬ್ಬರಿಗೆ ತಿದ್ದಿದರೆ ನಾಳೆ ಐವತ್ತು ಮಂದಿ ಬಾಗಿಲಲ್ಲಿರುತ್ತಾರೆ ಎಂದು ನಾನೇ ಹೇಳಿದ್ದೆನಂತೆ. ಹೌದು, ಹೇಳಿದ್ದೆ. ಚೆನ್ನಾಗಿಯೇ ಹೇಳಿದ್ದೆ. ಉಳಿದ ದಾರಿ ಒಂದೇ: ಮೆಮೊರಿ ಹೆಚ್ಚಿಸಿ ಎಲ್ಲ ಹೆಸರನ್ನೂ ಒಟ್ಟಿಗೆ ಕೂರಿಸುವುದು. ಮದರಾಸಿಗೆ ಕಳಿಸಿದರೆ ತಿಂಗಳಾಗುತ್ತದೆ, ನಾನೇ ಮಾಡುತ್ತೇನೆ ಎಂದೆ. ಕೆಟ್ಟರೆ ನಿನ್ನ ಟ್ರೈನಿಂಗೂ ಅಲ್ಲಿಗೇ ಮುಗಿಯಿತೆಂದು ತಿಳಿ ಎಂದರು.

ಚಿಪ್ಪುಗಳು ಬೆಂಗಳೂರಿನಿಂದ ಬರುವಷ್ಟರಲ್ಲಿ ಪಟ್ಟಿ ಅಂಟಿಸುವ ಶನಿವಾರವೇ ಬಂದಿತ್ತು. ಉದ್ದನೆಯ ಪ್ಲಾಸ್ಟಿಕ್ ಕೊಳವೆಯೊಳಗೆ ಹದಿನೆಂಟು ಕಪ್ಪು ಚಿಪ್ಪುಗಳು, ಎರಡೂ ಬದಿ ಕಾಲುಗಳು, ಜರಿಹುಳುವನ್ನು ತುಂಡು ಮಾಡಿ ಜೋಡಿಸಿಟ್ಟ ಹಾಗೆ. ಊಟದ ಹೊತ್ತಿಗೆ ಪೆಟ್ಟಿಗೆ ಬಿಚ್ಚಿ ಕೂತೆ. ಟೈಮ್ ಕೀಪರ್ ಗೋಂದಿನ ಡಬ್ಬಿ ತಂದು ನನ್ನ ಎದುರು ಕುರ್ಚಿ ಎಳೆದುಕೊಂಡರು. ಐದಕ್ಕೆ ಪಟ್ಟಿ ಅಂಟಿಸಬೇಕಾದವರು ಅವರೇ.

ಮೈಯಲ್ಲಿರುವ ವಿದ್ಯುತ್ತು ತಾಗಿದರೆ ಚಿಪ್ ಸಾಯುತ್ತದೆ, ಮೊದಲು ಕಬ್ಬಿಣ ಮುಟ್ಟಿ ಎಂದು ಯಂತ್ರದ ಕೈಪಿಡಿಯಲ್ಲಿತ್ತು. ನಾನು ನಂಬಲಿಲ್ಲ. ಆದರೂ ಪ್ರತಿ ಚಿಪ್ಪಿಗೂ ಮುಂಚೆ ಕಿಟಕಿಯ ಸರಳು ಮುಟ್ಟಿದೆ, ನಂಬದವರಿಗೂ ಹೆದರಿಕೆ ಇರಬಾರದೆಂದೇನಿಲ್ಲವಲ್ಲ. ಕಾಲುಗಳನ್ನು ಮೇಜಿಗೆ ಒತ್ತಿ ನೇರ ಮಾಡಿ, ಚಿಪ್ಪಿನ ತುದಿಯ ಕಚ್ಚನ್ನು ಒಂದೇ ದಿಕ್ಕಿಗಿಟ್ಟು ಗೂಡಿನೊಳಕ್ಕೆ ಹೆಬ್ಬೆರಳಿನಿಂದ ಅದುಮಬೇಕು. ಅದುಮಿದಾಗಲೆಲ್ಲ ಕೆಳಗಿನ ಸರ್ಕ್ಯೂಟ್ ಹಲಗೆ ಬಗ್ಗಿ ಕಿರ್ರೆನ್ನುತ್ತಿತ್ತು. ಟೈಮ್ ಕೀಪರ್ ಪ್ರತಿ ಸಲವೂ ಉಸಿರು ಹಿಡಿದು, ಆಮೇಲೆ ಬಿಡುತ್ತಿದ್ದರು.

ಹಲಗೆಯಲ್ಲಿ ನಾಲ್ಕು ಸಾಲು, ಒಂದೊಂದರಲ್ಲೂ ಒಂಬತ್ತು ಗೂಡು. ಮೇಲಿನ ಎರಡು ಸಾಲು ಮೊದಲೇ ತುಂಬಿದ್ದವು, ಒಂಬತ್ತೊಂಬತ್ತು ಚಿಪ್ಪುಗಳಿಂದ. ಕೆಳಗಿನ ಎರಡರಲ್ಲಿ ನಾನು ಎಂಟೆಂಟು ಹಾಕಿ ನಿಲ್ಲಿಸಿದೆ. ಒಂದು ಅಕ್ಷರಕ್ಕೆ ಎಂಟು ಬಿಟ್, ಒಂದು ಚಿಪ್ಪಿಗೆ ಒಂದೊಂದು. ಒಂಬತ್ತನೆಯದಕ್ಕೆ ಕೆಲಸವೇನು? ಮೇಲಿನ ಸಾಲುಗಳಲ್ಲಿ ಇದೆಯಲ್ಲ ಎಂಬ ಆಕ್ಷೇಪಕ್ಕೂ ಉತ್ತರವಿತ್ತು: ಒಂದು ಕೆಟ್ಟರೆ ಇರಲಿ ಎಂದು ತಯಾರಿಸಿದವರು ಕೊಟ್ಟ ಕೊಸರು ಅದು. ಕೊಸರನ್ನು ಯಂತ್ರದೊಳಗೇ ಕೂರಿಸಿ ಸವೆಸುವುದೇಕೆ, ಎರಡನ್ನೂ ಡ್ರಾಯರಿನಲ್ಲಿಟ್ಟೆ. ಕಣ್ಣೆದುರಿನ ಸಾಕ್ಷ್ಯವನ್ನು ಮಾತಿನಿಂದ ಪಕ್ಕಕ್ಕೆ ಸರಿಸುವ ಅಭ್ಯಾಸ ನನಗೆ ಕಾಲೇಜಿನಿಂದಲೇ ಇತ್ತು.

ಪೆನ್ನಿನ ತುದಿಯಿಂದ ಎರಡು ಪುಟ್ಟ ಬಿಳಿ ಸ್ವಿಚ್ಚುಗಳನ್ನು ಸರಿಸಿ, ಮೆಮೊರಿ ಈಗ ಇಷ್ಟಿದೆ ಎಂದು ಯಂತ್ರಕ್ಕೆ ತಿಳಿಸಿ ಕರೆಂಟು ಕೊಟ್ಟೆ. ಪರದೆಯ ಮೇಲೆ ಅಂಕಿ ಏರತೊಡಗಿತು. ನೂರಿಪ್ಪತ್ತೆಂಟು ದಾಟುತ್ತಲೇ ನಿಂತಿತು. 'ಪ್ಯಾರಿಟಿ ಚೆಕ್' ಎಂಬ ಎರಡು ಪದ ಮೂಡಿದವು. ಆಮೇಲೆ ಯಾವ ಕೀಲಿ ಒತ್ತಿದರೂ ಯಂತ್ರ ಮಿಸುಕಲಿಲ್ಲ.

ಮೂರೂಕಾಲು. ಎಲ್ಲವನ್ನೂ ಕಿತ್ತು ಮತ್ತೆ ಹಾಕಿದೆ. ಒಂದರ ಕಾಲು ಒಳಗೆ ಮಡಿಚಿಕೊಂಡಿತ್ತು, ನೇರ ಮಾಡಿದೆ. ಮತ್ತೆ ಅದೇ ಎರಡು ಪದ. ಅಂಗಡಿಯವನು ಹಾಳು ಮಾಲು ಕೊಟ್ಟಿದ್ದಾನೆ ಎಂದೆ. ಕರೆಂಟು ಏರಿಳಿಯುತ್ತಿದೆ ಎಂದೆ. ಆದರೆ ನನ್ನ ಕಣ್ಣ ಮುಂದೆ ಕತ್ತಲಲ್ಲಿ ಒಬ್ಬರು ಬಲಗಿವಿ ಮುಂದೆ ಮಾಡಿ ನಡೆಯುತ್ತಿದ್ದರು.

ನಾಲ್ಕು ಗಂಟೆಗೆ ಟೈಮ್ ಕೀಪರ್ ಬಗ್ಗಿ ಪೆಟ್ಟಿಗೆಯೊಳಗೆ ಇಣುಕಿದರು.

"ನಂಗೇನೂ ತಿಳಿಯಾಕಿಲ್ಲ ಕಣಮ್ಮ. ಮ್ಯಾಗಿನ ಸಾಲ್ನಾಗೆ ಒಂಬತ್ತವೆ, ಕೆಳಗೆ ಎಂಟವೆ. ಬಾಕಿ ಎಲ್ಲೋದೊ?"

ನಾನು ಎಂಟು ಬಿಟ್, ಕೊಸರು ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ನಿನ್ನ ಮಾತು ಸರಿಯಾಗೈತೆ. ಮಿಷನ್ನಿಗೆ ಅದು ಗೊತ್ತಿಲ್ವಲ್ಲ."

ಬಾಯಿ ತೆರೆದೆ, ಉತ್ತರವೂ ಸಿದ್ಧವಿತ್ತು. ಗಡಿಯಾರ ನೋಡಿ ಮುಚ್ಚಿಕೊಂಡೆ. ಡ್ರಾಯರಿನಿಂದ ಎರಡನ್ನೂ ತೆಗೆದು, ಸರಳು ಮುಟ್ಟಿ, ಅದುಮಿದೆ. ಕೈಪಿಡಿಯ ಹಿಂದಿನ ಪುಟಗಳಲ್ಲಿ ಇದು ಇತ್ತೆಂದು ಆಮೇಲೆ ನೋಡಿದೆ: ಒಂಬತ್ತನೆಯ ಚಿಪ್ ಅಕ್ಷರದ ಯಾವ ಭಾಗವನ್ನೂ ಇಟ್ಟುಕೊಳ್ಳುವುದಿಲ್ಲ, ಉಳಿದ ಎಂಟು ಇಟ್ಟುಕೊಂಡದ್ದು ಸರಿಯಿದೆಯೇ ಎಂದು ನೋಡುತ್ತಿರುತ್ತದೆ, ಪ್ಯಾರಿಟಿ ಚೆಕ್ ಎಂದರೆ ಅದೇ. ಅದಿಲ್ಲದೆ ಯಂತ್ರ ಒಂದಕ್ಷರವನ್ನೂ ನಂಬುವುದಿಲ್ಲ. ನನಗಿಂತ ದೊಡ್ಡ ಸಂಶಯವಾದಿ.

ಅಂಕಿ ಏರಿತು. ನೂರಿಪ್ಪತ್ತೆಂಟು, ನೂರ ತೊಂಬತ್ತೆರಡು, ಇನ್ನೂರೈವತ್ತಾರು. ಅಲ್ಲಿ ನಿಂತು, ಮುಂದಿನ ಅಪ್ಪಣೆಗೆ ಕಾಯುತ್ತ ಮಿಣುಕಿತು. ಕುರ್ಚಿಗೆ ಒರಗಿದಾಗ ನನ್ನ ಬೆನ್ನು ಪೂರ್ತಿ ಒದ್ದೆಯಾಗಿರುವುದು ಗೊತ್ತಾಯಿತು. ಮುನ್ನೂರು ಹೆಸರೂ ಒಟ್ಟಿಗೆ ಕೂತವು. ಪ್ರಿಂಟರು ಕಿರುಚುತ್ತ ಕಾಗದ ಉಗುಳುವಾಗ ಇಬ್ಬರೂ ತಲೆ ತಾಗಿಸಿಕೊಂಡು ಓದಿದೆವು. ಭಾವ, ಭಾಮೈದ ಇಬ್ಬರಿಗೂ ಬೆಳಗಿನ ಪಾಳಿ. ಟೈಮ್ ಕೀಪರ್ ಕೊನೆಯ ಹಾಳೆಯವರೆಗೂ ಬೆರಳಾಡಿಸಿದರು. ಅಂಚೆಟ್ಟಿ ಬಸ್ಸಿನಲ್ಲಿ ಬರುವ ನಾಲ್ವರೂ ಒಂದೇ ಪಾಳಿಗೆ ಬಂದಿದ್ದಾರೆ ಎಂದು ತಮಗೇ ಹೇಳಿಕೊಂಡು ಗೋಂದಿನ ಡಬ್ಬಿ ಎತ್ತಿಕೊಂಡರು. ಐದಕ್ಕೆ ಎರಡು ನಿಮಿಷವಿತ್ತು. ಬರುವ ತಿಂಗಳಿಂದ ಅಂಟಿಸುವ ಮುಂಚೆ ನೀವೊಮ್ಮೆ ನೋಡಿ ಎಂದು ಅವರಿಗೆ ಹೇಳಿದೆ. ಸಭೆಯಲ್ಲೇ ಹೇಳಬೇಕಿದ್ದ ಮಾತು ಅದು. ಅವರು ಹೂಂ ಎಂದು ಹೋದರು.

ಹೊಸ ತಿಂಗಳ ಮೊದಲ ದಿನ, ಆರಕ್ಕೆ ಶುರುವಾದ ಬೆಳಗಿನ ಪಾಳಿ ಬಿಡುವ ಎರಡು ಗಂಟೆಗೆ, ಬೇಕೆಂದೇ ಟೈಮ್ ಆಫೀಸಿಗೆ ಹೋದೆ. ಅವರಿಬ್ಬರೂ ಕಾರ್ಡು ಹಿಡಿದು ಕಿಟಕಿಯ ಮುಂದೆ ನಿಂತಿದ್ದರು. ಬೆಳಿಗ್ಗೆ ತಡವಾಗಿದ್ದಕ್ಕೆ ಕಾರಣ ಹೇಳುತ್ತಿದ್ದರು. ಕೆರೆ ದಾಟಿದ ಮೇಲೆ ಭಾಮೈದನಿಗೆ ಬಲಗಡೆ ಬಿದಿರು ಸೀಳುವ ಸದ್ದು ಕೇಳಿತಂತೆ. ಭಾವನ ಅಂಗಿ ಹಿಡಿದು ಬಂಡೆಯ ಮರೆಗೆ ಎಳೆದನಂತೆ. ಮೂರು ಆನೆ, ಒಂದು ಮರಿ, ದಾರಿ ಬಿಡಲು ಇಪ್ಪತ್ತು ನಿಮಿಷ ತೆಗೆದುಕೊಂಡವಂತೆ.

"ಏನ್ಲಾ ಎಳೀತೀಯ ಅಂತ ಬಯ್ದೆ ಇವ್ನ," ಎಂದರು ಭಾವ, ಇಡೀ ಆಫೀಸಿಗೆ ಕೇಳುವ ಹಾಗೆ. "ಕೈಲಿ ನನ್ ಬಾಯಿ ಮುಚ್ಚುದ್ನಲ್ಲ, ಆವಾಗ ತಿಳೀತು."

"ಬಾಯಿ ಮುಚ್ಚೋದೇ ಕಷ್ಟ ಆಯ್ತು ಸಾರ್, ಆನೆ ಅಲ್ಲ," ಎಂದ ಭಾಮೈದ.

ಟೈಮ್ ಕೀಪರ್ ಎರಡೂ ಕಾರ್ಡುಗಳನ್ನು ನನ್ನ ಕಡೆ ತಳ್ಳಿದರು. ತಡವಾಗಿ ಬಂದವರ ಹೊತ್ತನ್ನು ನಮ್ಮ ಗಡಿಯಾರ ಕೆಂಪು ಶಾಯಿಯಲ್ಲಿ ಅಚ್ಚೊತ್ತುತ್ತದೆ. ಅಕ್ಕಪಕ್ಕ ಹಿಡಿದು ನೋಡಿದೆ. ಒಂದರಲ್ಲಿ ಆರು ಇಪ್ಪತ್ತೆರಡು, ಇನ್ನೊಂದರಲ್ಲೂ ಆರು ಇಪ್ಪತ್ತೆರಡು.