ಕಾರಿನಡಿಯ ರಂಗೋಲಿ

ಪರದೇಶದ ವಾನ್ ಪಟ್ಟಣದಲ್ಲಿ, ಬಾಗಿಲು ತಯಾರಿಸುವ ಕಾರ್ಖಾನೆಯೊಂದರಲ್ಲಿ ವಾರವಿಡೀ ಮೈಮುರಿದು ದುಡಿಯುವ ಬಸವಂತಪ್ಪನಿಗೆ ರಜೆಯೆಂದರೆ ಗರಾಜು. ಅಲ್ಲಿ ನಿಂತಿರುವುದು ಅವನಷ್ಟೇ ವಯಸ್ಸಾದ ನೀಲಿ ಕಾರು. ಗುಜರಿಗೆ ಹೊರಟಿದ್ದುದನ್ನು ತಂದು, ವರ್ಷಗಟ್ಟಲೆ ಒದ್ದಾಡಿ ಓಡುವಂತೆ ಮಾಡಿದ್ದ. ಹೆಂಡತಿ ನಾಗವ್ವ ಅದನ್ನು ಸವತಿ ಎನ್ನುತ್ತಿದ್ದಳು; ಒಮ್ಮೆಯೂ ಅದರಲ್ಲಿ ಕೂತವಳಲ್ಲ. ಆದರೆ ಅಪ್ಪನಿಗೆ ಪಾನಾ, ಸ್ಕ್ರೂಡ್ರೈವರ್ ಎತ್ತಿಕೊಡುತ್ತಲೇ ಬೆಳೆದ ಮಗಳು ನೇತ್ರಾ, "ಅಪ್ಪಾ, ವೆಡ್ಡಿಂಗ್ ಡೇ ಟೆಂಪಲ್‌ಗೆ ನಾ ಇದರಾಗ ಹೋಗೋದು, ಓಕೆ?" ಎಂದುಬಿಟ್ಟಳು. ಬಸವಂತಪ್ಪ ಆ ದಿನವಿಡೀ ನೆಲದ ಮೇಲೆ ನಡೆಯಲಿಲ್ಲ.

ಮಗಳಿಗೋಸ್ಕರ ನಾಗವ್ವನೂ ಮನಸ್ಸು ಮಾಡಿ ಕಾರಿಗೆ ಪೂಜೆ ಮಾಡಿದಳು, ಕೆಂಪು ಆರತಿ ನೀರನ್ನು ಗಾಲಿಗಳ ಮುಂದೆ ಸುರಿದಳು. ಮರುದಿನ ಕಾರಿನಡಿ ಕೆಂಪು ಹನಿಗಳು. ಆರತಿ ನೀರೇ ಹರಿದು ಬಂದಿರಬೇಕೆಂದು ಬಸವಂತಪ್ಪ ಒರೆಸಿದ. ಅದರ ಮರುದಿನವೂ ಒರೆಸಿದ. ವಾರವಾದರೂ ಆರದ ಆರತಿ ನೀರು ಯಾವ ಊರಲ್ಲಿದೆ ಹೇಳಿ! ಕೊನೆಗೆ ಬೆರಳಿನಿಂದ ಮುಟ್ಟಿ ನೋಡಿದರೆ ಜಿಡ್ಡು. ಗೇರ್‌ಬಾಕ್ಸಿನ ಕೆಂಪು ಎಣ್ಣೆ! ಅದು ಬತ್ತಿದರೆ ಕಾರು ನಡುರಸ್ತೆಯಲ್ಲೇ ಕೂತುಬಿಡುತ್ತದೆ.

"ಮದುಮಗಳನ್ನ ಯಾಂಗ್ ಸ್ಟ್ರೀಟಿನ ನಡುವ ಇಳಿಸಿ ಗಾಡಿ ನೂಕಸ್ತೀರೇನು?" ನಾಗವ್ವ ಸಿಡಿದಳು. "ನಾ ಬಾಡಿಗಿ ಗಾಡಿ ಬುಕ್ ಮಾಡೇನಿ."

"ತಡಿ ಮಾರಾಯ್ತಿ, ಮದುವಿಗೆ ಇನ್ನೂ ವಾರ ಐತಿ."

ಕಾರಿನಡಿ ತೆವಳಿ, ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಿದ. ಆದರೂ ತೊಟ್ಟಿಕ್ಕಿತು. ಎಲ್ಲೆಲ್ಲೂ ಎಣ್ಣೆ ಮೆತ್ತಿಕೊಂಡಿದ್ದರಿಂದ ಸೋರುವ ಜಾಗವೇ ತಿಳಿಯದು. ಮಗಳ ಮುಖ ನೆನೆದು ಅವನಿಗೆ ಅಳುವೇ ಬಂತು, ಸುಳ್ಳೇಕೆ. ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡ. ಹಣೆಯ ವಿಭೂತಿಯಲ್ಲಿ ಬೆವರು ಇಳಿದ ದಾರಿ ಒಂದೊಂದೂ ಗೆರೆಯಾಗಿ ಕಾಣುತ್ತಿತ್ತು.

"ಅಡಡಡ!" ಎಂದವನೇ ಗರಾಜಿಗೆ ಓಡಿದ. ಗೇರ್‌ಬಾಕ್ಸನ್ನು ಒರೆಸಿ, ವಿಭೂತಿ ಪುಡಿಮಾಡಿ ಸುತ್ತಲೂ ಉದುರಿಸಿ, ಎಂಜಿನ್ ಚಾಲೂ ಮಾಡಿದ. ಬಿಳಿಯ ಮೇಲೆ ಸಣ್ಣಗೆ ಕೆಂಪು ಗೆರೆ ಇಳಿಯಿತು. ತಟ್ಟೆಯ ತಪ್ಪೇನೂ ಇರಲಿಲ್ಲ. ಮೇಲೆ, ಗೇರ್ ಬದಲಿಸುವ ಸರಳಿನ ಬುಡದಲ್ಲಿ ರಬ್ಬರ್ ಸೀಲು ಹರಿದಿತ್ತು. ಹೊಸದನ್ನು ತರಿಸಿ ಕೂರಿಸಿದ.

ನಾಗವ್ವ ನಂಬಬೇಕಲ್ಲ! ಮದುವೆಗೆ ಎರಡು ದಿನವಿರುವಾಗ ಕಾರನ್ನು ಹೊರಗೆ ತೆಗೆಸಿ, ಗರಾಜಿನ ನಡುವೆ ದೊಡ್ಡ ರಂಗೋಲಿ ಬಿಡಿಸಿ, ಗಾಲಿ ತಾಗಿ ಅಳಿಸದಂತೆ ಅದರ ಮೇಲೆಯೇ ಕಾರು ನಿಲ್ಲಿಸಲು ಗಂಡನಿಗೆ ಹೇಳಿದಳು.

"ಮುಂಜಾನಿ ಇದರ ಮ್ಯಾಲೆ ಒಂದ ಕೆಂಪು ಚುಕ್ಕಿ ಕಂಡ್ರೂ ಬಾಡಿಗಿ ಗಾಡಿನ. ಮುಗೀತು."

ಬೆಳಗಾಗುತ್ತಲೇ ಮೂವರೂ ಮಂಡಿಯೂರಿ ಬಗ್ಗಿದರು. ಬಿಡಿಸಿದ ರಂಗೋಲಿ ಬಿಡಿಸಿದಂತೆಯೇ ಬೆಳ್ಳಗಿತ್ತು. ನೇತ್ರಾ ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನಾಗವ್ವ ಎದ್ದು, ಸೆರಗು ಕೊಡವಿ, ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು.

"ಏನ್ ನೋಡಾಕತ್ತೀರಿ? ಜೆರಾರ್ಡ್ ಸ್ಟ್ರೀಟಿನ ನಮ್ಮೋರ ಬಜಾರಕ್ಕ ನಡೀರಿ. ಮದುವಿ ಗಾಡಿಗೆ ಹೂವು ಬ್ಯಾಡೇನು?"