ಇಸ್ತ್ರಿ ಕೈಗೆ ತಣ್ಣೀರು

ಬಾರಹೋನಾ ಊರಿನಲ್ಲಿ ಇಸ್ತ್ರಿ ಮಾಡುವ ಹೆಂಗಸು ಬಿಸಿ ಕೈಯನ್ನು ತಣ್ಣೀರಿಗೆ ಅದ್ದುವುದಿಲ್ಲ. ಅದ್ದಿದರೆ ಬೆರಳು ಸೊಟ್ಟಗಾಗುತ್ತವೆ ಎಂದು ಅಲ್ಲಿ ಮಕ್ಕಳಿಗೂ ಗೊತ್ತು. ಸಾಕ್ಷಿ ಬೇಕೆ? ಮುದುಕಿ ಡಿಗ್ನಾಳ ಕೈ ನೋಡಿ. ಹತ್ತು ಬೆರಳಲ್ಲಿ ಆರು ಸೊಟ್ಟ.

ಅವಳ ಮಗಳು ಯುಡೆಲ್ಕಾಗೆ ಮೂವತ್ತೆಂಟು. ಬೆಳಗ್ಗೆ ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ, ಸಂಜೆ ಉಸ್ತಾದ ಎಲಿಹಿಯೋನ ತಗಡಿನ ಸೂರಿನ ಗರಡಿಯಲ್ಲಿ ಭಾರ ಎತ್ತುವುದು. ಗಂಡಸರು ನಕ್ಕರು, ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಪ್ರಾಂತ್ಯದ ಹೆಂಗಸರ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ. ಅರವತ್ತು ಕಿಲೋವನ್ನು ನೆಲದಿಂದ ಸೊಂಟದವರೆಗೆ ಹತ್ತು ಸಲ ಎತ್ತಬೇಕು, ಅಂಥ ಮೂರು ಸುತ್ತು. ಎರಡು ಸುತ್ತು ಅವಳಿಗೆ ಸಲೀಸು. ಮೂರನೆಯದರಲ್ಲಿ ಆರಕ್ಕೇ ಉಸ್ಸಪ್ಪಾ!

"ನಿಂಗೆ ಶಕ್ತಿ ಕಮ್ಮಿಯಾಗಿಲ್ಲ ಕಣಮ್ಮಾ, ಮೈ ಕಾದುಹೋಗ್ತಿದೆ," ಎಂದ ಎಲಿಹಿಯೋ. "ಸುತ್ತು ಮುಗಿದ ಕೂಡ್ಲೇ ಎರಡು ನಿಮಿಷ ಅಂಗೈ ನೀರಲ್ಲಿಡು. ಐಸ್ ಬೇಡ, ಮಡಕೆ ನೀರಿನಷ್ಟು ತಂಪಿದ್ರೆ ಸಾಕು. ಕಾವು ಅಂಗೈಯಿಂದ ಇಳಿಯುತ್ತೆ."

ಮನೆಯಲ್ಲಿ ಇದನ್ನು ಕೇಳಿ ಡಿಗ್ನಾ ಕೆಂಡವಾದಳು. "ದಣಿಯೋದು ಸೊಂಟ, ತಣ್ಣಗೆ ಮಾಡೋದು ಕೈಯಂತೆ! ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ! ಬೆರಳು ಸೊಟ್ಟಗಾದ್ರೆ ಇಸ್ತ್ರಿ ಯಾರು ಮಾಡ್ತಾರೆ, ನಿನ್ನ ಎಲಿಹಿಯೋನಾ?"

ಯುಡೆಲ್ಕಾಗೂ ಒಳಗೊಳಗೇ ಹೆದರಿಕೆ. ಅನ್ನ ಕೊಡುವ ಕೈ ಅದು.

ಶನಿವಾರ ಪರೀಕ್ಷೆ. ಮಗಳು ನೀರು ಮುಟ್ಟದಂತೆ ಕಾಯಲೆಂದೇ ಡಿಗ್ನಾ ಕುರ್ಚಿ ಹಾಕಿಕೊಂಡು ಎಲಿಹಿಯೋ ಇಟ್ಟಿದ್ದ ನೀರಿನ ಬಕೆಟ್ಟಿನ ಪಕ್ಕ ಕೂತಳು. ಸೂರಿನ ತಗಡು ಸುಡುತ್ತಿತ್ತು. ಎರಡನೇ ಸುತ್ತು ಮುಗಿಸಿ ಬಂದ ಯುಡೆಲ್ಕಾಳ ಕಣ್ಣು ಕೆಂಪು, ತುಟಿ ಒಣಗಿದೆ. ಬಕೆಟ್ಟಿನ ಮುಂದೆ ಮಂಡಿಯೂರಿದಳು, ಕೈ ಮಾತ್ರ ಮುಂದೆ ಹೋಗಲಿಲ್ಲ.

ಡಿಗ್ನಾ ಅವಳ ಹಣೆ ಮುಟ್ಟಿ ನೋಡಿದಳು. ಕಾದುಹೋಗಿತ್ತು.

"ನಿಂಗೆ ವರ್ಷ ತುಂಬಿದಾಗ ಹಿಂಗೇ ಮೈ ಕಾದಿತ್ತು ಕಣೇ," ಎಂದಳು. "ಇಸ್ತ್ರಿ ಅಲ್ಲೇ ಬಿಸಾಕಿ, ಬಿಸಿ ಕೈಯಲ್ಲೇ ತೊಟ್ಟಿ ನೀರಿಗೆ ಬಟ್ಟೆ ಅದ್ದಿ ಅದ್ದಿ ನಿನ್ನ ಮೈ ಒರೆಸ್ದೆ. ಬೆರಳು ಸೊಟ್ಟಗಾಗಿದ್ದು ಅದಕ್ಕೇ."

"ಅಮ್ಮಾ, ಇದನ್ನ ಯಾವತ್ತೂ ಹೇಳೇ ಇಲ್ವಲ್ಲ ನೀನು!"

"ಹೇಳೋದೇನಿದೆ? ಜ್ವರ ಇಳೀತು. ಇಡೇ ಕೈ, ನಿಮಿಷ ಓಡ್ತಿದೆ!"

ಹಾಗೆಂದವಳೇ ಮಗಳ ಎರಡೂ ಕೈ ಹಿಡಿದು ನೀರಿಗೆ ಅದ್ದಿದಳು. ತನ್ನ ಕೈಯನ್ನೂ ತೆಗೆಯಲಿಲ್ಲ. ಎರಡು ನಿಮಿಷ ನಾಲ್ಕು ಅಂಗೈ ಒಂದೇ ಬಕೆಟ್ಟಿನಲ್ಲಿದ್ದವು. ಆಮೇಲೆ ಡಿಗ್ನಾ ತನ್ನ ಲಂಗದಿಂದಲೇ ಮಗಳ ಕೈ ಒರೆಸಿ, ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸಿದಳು.

ಮೂರನೇ ಸುತ್ತು. ಆರು ದಾಟಿತು. ಎಂಟಕ್ಕೆ ಗರಡಿಯ ಗಂಡಸರೆಲ್ಲ ಎದ್ದು ನಿಂತರು. ಡಿಗ್ನಾ ಒದ್ದೆ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಎಣಿಸುತ್ತಿದ್ದಳು. ಸೊಟ್ಟ ಬೆರಳು ಮಡಚುವಾಗ ನೋಯುತ್ತಿತ್ತು, ಆದರೂ ಮಡಚಿದಳು. ಕಬ್ಬಿಣ ಕೊನೆಯ ಸಲ ನೆಲಕ್ಕೆ ಇಳಿದಾಗ ಅವಳ ಕೈಯಲ್ಲಿ ಮಡಚಲು ಬೆರಳೇ ಉಳಿದಿರಲಿಲ್ಲ.